ಬ್ರಷ್ ಇದ್ದದ್ದು, ಬ್ರಷ್ ಇಲ್ಲದ್ದು

"ಈ ಬ್ಯಾಟರಿ ಡ್ರೈವರ್‌ಗಳಲ್ಲಿ ಬ್ರಷ್ ಇರೋದು ಒಳ್ಳೇದೋ, ಬ್ರಷ್ ಇಲ್ಲದ್ದು ಒಳ್ಳೇದೋ? ಸ್ವಲ್ಪ ಬಿಡಿಸಿ ಹೇಳಮ್ಮ."

ಹಾರ್ಡ್‌ವೇರ್ ಅಂಗಡಿಯಲ್ಲಿ ಗಿರಾಕಿಗೆ ಬೆನ್ನು ಹಾಕಿ ಮೇಲಿನ ಕಪಾಟಿನಿಂದ ಸ್ಕ್ರೂ ಡಬ್ಬಿ ಇಳಿಸುತ್ತಿದ್ದ ಅವಳು ಹಾಗೇ ನಿಂತುಬಿಟ್ಟಳು. ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಆ ದನಿಯನ್ನು ಅವಳು ಎದುರಿಗೆ ಕೂತು ಕೇಳಿದ್ದು ಒಂದೇ ಒಂದು ಸಲ, ವಿಚಾರಣೆಯ ಕೋಣೆಯಲ್ಲಿ. ಆಮೇಲೆ ಅದು ಅವಳ ಕಿವಿಯೊಳಗೇ ಬಿಡಾರ ಹೂಡಿತ್ತು.

"ಅವನೇ ಸಿಗರೇಟು ಹಚ್ಚಿರಬೇಕು ಸಾರ್," ಎಂದಿತ್ತು ಅಂದು ಆ ದನಿ. "ಪಾಲಿಷ್ ರೂಮಲ್ಲಿ ಸೇದಬೇಡ ಅಂತ ನಾನೇ ಎಷ್ಟೋ ಸಲ ಬೈದಿದ್ದೆ. ಪಾಪ, ಚಟ ಬಿಡಬೇಕಲ್ಲ."

ಆ 'ಪಾಪ' ಎನ್ನುವ ಮಾತನ್ನು ಅವಳು ಇವತ್ತಿಗೂ ಕ್ಷಮಿಸಿರಲಿಲ್ಲ. ಅವಳ ಗಂಡ ಮರದ ಸಾಮಾನಿನ ಕಾರ್ಖಾನೆಯಲ್ಲಿ ಪಾಲಿಷ್ ಕೆಲಸದವನು; ಅಲ್ಲಿನ ಪಾಲಿಷ್ ಕೋಣೆಗೆ ಹತ್ತಿದ ಬೆಂಕಿಯಲ್ಲೇ ಸತ್ತಿದ್ದ. ಸಿಗರೇಟಿನ ಮಾತಿರಲಿ, ಒಲೆಯ ಮೇಲೆ ಒಗ್ಗರಣೆ ಸೀದರೆ ಸಾಕು, ಕೆಮ್ಮುತ್ತಾ ಹೊರಗೆ ಓಡುತ್ತಿದ್ದ. ಆ ಕೋಣೆಯ ಆವಿಯನ್ನು ಹೊರಗೆ ತಳ್ಳುವ ಗಾಳಿಯಂತ್ರ ಕೆಟ್ಟು ಎಷ್ಟೋ ಕಾಲವಾಗಿತ್ತು; ರಿಪೇರಿ ಮಾಡಿಸಿ ಎಂದು ಅವನು ಕೇಳಿ ಕೇಳಿ ಸೋತಿದ್ದ. ಅದು ಅವಳಿಗೆ ಗೊತ್ತಿತ್ತು. ಆದರೆ ಗಾಳಿಯಂತ್ರದ ಸುದ್ದಿ ಎತ್ತಿದರೆ ಕಾರ್ಖಾನೆಗೆ ಬೀಗ ಬೀಳುತ್ತಿತ್ತು. ಹಾಗಾಗಿ ಕಾರ್ಖಾನೆಯ ಯಜಮಾನ ಒಂದು ಸಿಗರೇಟು ಸೃಷ್ಟಿಸಿ, ಅದನ್ನು ಸತ್ತವನ ಬೆರಳುಗಳ ನಡುವೆ ಇಟ್ಟು, ಕೈ ತೊಳೆದುಕೊಂಡಿದ್ದ. ಸತ್ತವನು ಎದ್ದು ಬಂದು ಇಲ್ಲ ಅನ್ನುವ ಹಾಗಿರಲಿಲ್ಲ.

ಗಂಡ ಹೋದದ್ದು ಒಂದು ನೋವು. ಅದಕ್ಕಿಂತ ಆಳಕ್ಕೆ ಇಳಿದದ್ದು ಬೇರೆ. ಶಾಲೆಯಲ್ಲಿ ಮಕ್ಕಳು ಅವಳ ಮಗಳಿಗೆ 'ಬೆಂಕಿಪೊಟ್ಟಣ' ಎಂದು ಹೆಸರಿಟ್ಟರು. ಮಗಳು ಮೊದಲು ಅಳುತ್ತಾ ಬರುತ್ತಿದ್ದಳು. ಆಮೇಲೆ ಅಳು ನಿಂತಿತು. ಒಂದು ದಿನ ಗೋಡೆಯ ಮೇಲಿದ್ದ ಅಪ್ಪನ ಫೋಟೋವನ್ನು ತೆಗೆದು ಮಂಚದ ಕೆಳಗಿನ ಪೆಟ್ಟಿಗೆಗೆ ಹಾಕಿದಳು. "ಒಂದು ಸಿಗರೇಟಿಗೋಸ್ಕರ ನಮ್ಮಿಬ್ಬರನ್ನೂ ಬಿಟ್ಟು ಹೋದ ಮನುಷ್ಯ ಅವನು," ಎಂದಳು. ಅಲ್ಲಮ್ಮ, ಅವನು ಸೇದುತ್ತಿರಲಿಲ್ಲ ಎಂದು ತಾಯಿ ಎಷ್ಟು ಹೇಳಿದರೂ, "ನಿನ್ನ ಮುಂದೆ ಸೇದ್ತಿರಲಿಲ್ಲ, ಅಷ್ಟೆ" ಎಂಬ ಒಂದೇ ಉತ್ತರ. ಈಗ ಮಗಳು ಕಣ್ಣಾಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವ ಕೆಲಸದಲ್ಲಿದ್ದಳು. ಫೋಟೋ ಮಾತ್ರ ಇನ್ನೂ ಪೆಟ್ಟಿಗೆಯಲ್ಲೇ ಇತ್ತು.

ಅವಳು ಡಬ್ಬಿಯನ್ನು ನಿಧಾನವಾಗಿ ಕೆಳಗಿಟ್ಟು ತಿರುಗಿದಳು. ಅವನೇ. ಕೂದಲು ಬೆಳ್ಳಗಾಗಿತ್ತು, ಭುಜ ಬಾಗಿತ್ತು, ಹೊಟ್ಟೆ ಕರಗಿ ಅಂಗಿ ಜೋಲುತ್ತಿತ್ತು. ಅವನು ಅವಳ ಮುಖವನ್ನು ನೇರವಾಗಿ ನೋಡಿ, ಅಪರಿಚಿತರಿಗೆ ನಗುವ ಹಾಗೆ ನಕ್ಕ. ಗುರುತೇ ಸಿಕ್ಕಿರಲಿಲ್ಲ. ಅವಳ ಬಾಳನ್ನು ಒಂದು ವಾಕ್ಯದಲ್ಲಿ ಸುಟ್ಟವನಿಗೆ ಅವಳ ಮುಖ ನೆನಪಿಟ್ಟುಕೊಳ್ಳುವಷ್ಟೂ ಪುರಸೊತ್ತು ಇದ್ದಿರಲಿಲ್ಲ.

"ಯಾವ ಕೆಲಸಕ್ಕೆ ಬೇಕಾಗಿತ್ತು ಸಾರ್?" ಎಂದಳು. ದನಿ ಎಂದಿನಂತೆಯೇ ಬಂದದ್ದು ಕಂಡು ಅವಳಿಗೇ ಆಶ್ಚರ್ಯವಾಯಿತು.

"ತೊಟ್ಟಿಲು ಮಾಡ್ತಿದೀನಮ್ಮ. ಮಗಳಿಗೆ ದಿನ ತುಂಬ್ತಾ ಇದೆ. ಕಾರ್ಖಾನೆ ಎಲ್ಲ ಅಳಿಯನಿಗೆ ಬಿಟ್ಟಾಯ್ತು. ಜೀವನವಿಡೀ ಬೇರೆಯವರ ಕೈಲಿ ಮಾಡಿಸಿದ್ದೇ ಆಯ್ತು, ಇದೊಂದನ್ನಾದರೂ ನನ್ನ ಕೈಯಾರೆ ಮಾಡೋಣ ಅಂತ. ಮನೆ ಕೆಳಗಡೆ ಒಂದು ರೂಮಿದೆ, ಅಲ್ಲೇ ಕೂತು ಕೆತ್ತುತಾ ಇದೀನಿ. ಕೈಯಲ್ಲಿ ಸ್ಕ್ರೂ ತಿರುಗಿಸೋಕೆ ಮಣಿಕಟ್ಟು ಬರ್ತಿಲ್ಲ."

ಅವಳು ಎರಡು ಮೆಷಿನ್‌ಗಳನ್ನೂ ಗಾಜಿನ ಮೇಲೆ ಇಟ್ಟಳು. ಇಂಪ್ಯಾಕ್ಟ್ ಡ್ರೈವರ್ ಎಂದರೆ ಸ್ಕ್ರೂ ಬಿಗಿಯಾದಾಗ ಒಳಗಿನಿಂದ ಟಕಟಕ ಬಡಿದು ನೂಕುವ ಬ್ಯಾಟರಿ ಮೆಷಿನ್. ಮುಷ್ಟಿಯಲ್ಲಿ ಹಿಡಿಯುವಷ್ಟು ಗಿಡ್ಡ, ಆದರೆ ಜೋರು. ಎರಡೂ ನೋಡಲು ಅಣ್ಣತಮ್ಮಂದಿರ ಹಾಗಿದ್ದವು. ವ್ಯತ್ಯಾಸ ಇದ್ದದ್ದು ಹೊಟ್ಟೆಯೊಳಗೆ. ಒಂದರ ಮೋಟರಿನಲ್ಲಿ ಇದ್ದಿಲಿನಂಥ ಎರಡು ಪುಟ್ಟ ತುಂಡುಗಳು ತಿರುಗುವ ಭಾಗಕ್ಕೆ ಉಜ್ಜುತ್ತಾ ಕರೆಂಟು ದಾಟಿಸುತ್ತವೆ. ಅವಕ್ಕೇ ಬ್ರಷ್ ಎಂದು ಹೆಸರು. ಇನ್ನೊಂದರಲ್ಲಿ ಉಜ್ಜುವ ಗೋಜೇ ಇಲ್ಲ, ಒಂದು ಎಲೆಕ್ಟ್ರಾನಿಕ್ ಹಲಗೆ ಎಲ್ಲ ನೋಡಿಕೊಳ್ಳುತ್ತದೆ. ಇಷ್ಟನ್ನು ಅವಳು ದಿನಾ ಯಾರಿಗಾದರೂ ಹೇಳುತ್ತಲೇ ಇದ್ದಳು. ಹೇಳಿ, ಕೊನೆಗೆ, "ಕೈಲಾದರೆ ಬ್ರಷ್ ಇಲ್ಲದ್ದೇ ತಗೊಳ್ಳಿ" ಎನ್ನುತ್ತಿದ್ದಳು. ಅವತ್ತು ಆ ಕೊನೆಯ ಮಾತು ನಾಲಿಗೆಯ ತುದಿಯವರೆಗೆ ಬಂದು ನಿಂತಿತು.

"ನೀವೇ ಹೇಳಿಬಿಡಿ," ಎಂದ ಅವನು. "ನಿಮ್ಮ ಮನೆಯವರಿಗೇ ಕೊಡೋದಾಗಿದ್ದರೆ ಯಾವುದು ಕೊಡ್ತಿದ್ರಿ?"

ಅವಳ ಎದೆಯಲ್ಲಿ ಏನೋ ತಣ್ಣಗೆ ಕೂತಿತು. ಕೋಪವಾಗಿದ್ದರೆ ಬಿಸಿಯಾಗಿರಬೇಕಿತ್ತು.

"ಬ್ರಷ್ ಇರೋದರಲ್ಲಿ ಹೊಸ ಮಾಲು ಬರೋದಿದೆ ಸಾರ್," ಎಂದಳು. "ಸೋಮವಾರ ಬನ್ನಿ. ತೊಟ್ಟಿಲಿಗೆ ಅಲ್ವಾ, ಅವಸರ ಮಾಡಬೇಡಿ."

*

ಸಂಜೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಅವಳು ತನಗೆ ಗೊತ್ತಿದ್ದದ್ದನ್ನೆಲ್ಲ ಹರಡಿಕೊಂಡು ನೋಡಿದಳು.

ಅಂಗಡಿಗೆ ಸೇರಿದ ಹೊಸತರಲ್ಲಿ ಕಂಪನಿಯವನೊಬ್ಬ ಪಾಠ ಮಾಡಲು ಬಂದಿದ್ದ. ಗೋದಾಮಿನ ಬಾಗಿಲು ಹಾಕಿಸಿ, ದೀಪ ಆರಿಸಿ, ಬ್ರಷ್ ಇರುವ ಮೆಷಿನ್ ಒಂದನ್ನು ಒತ್ತಿ ತೋರಿಸಿದ್ದ. ಗಾಳಿಯಾಡುವ ಸೀಳುಗಳ ಹಿಂದೆ ನೀಲಿ ಮಿಂಚು ಸುತ್ತಿತು. "ಇದು ಬ್ರಷ್‌ನ ಕಿಡಿ," ಎಂದಿದ್ದ ಅವನು. "ಮನೆ ಕೆಲಸಕ್ಕೆ ಏನೂ ತೊಂದರೆಯಿಲ್ಲ. ಆದರೆ ಪಾಲಿಷಿಗೆ ಬೆರೆಸೋ ತಿನ್ನರ್, ಪೆಟ್ರೋಲು ಇಂಥವುಗಳ ಆವಿ ತುಂಬಿದ ಕಡೆ ಮಾತ್ರ ಇದನ್ನ ಒತ್ತಲೇಬೇಡಿ." ಅಲ್ಲಿದ್ದ ಗಂಡಸರು ನಕ್ಕು, ಟೀ ಕುಡಿಯಲು ಹೋಗಿದ್ದರು. ಅವಳು ಆ ಮಾತನ್ನು ಉಳಿಸಿಕೊಂಡಿದ್ದಳು. ಮನೆಯಲ್ಲಿ ಮಗಳಿಗೂ ಅಂಗಡಿಗೆ ಬಂದವರಿಗೂ ಹೇಳುವಂಥ ಎಚ್ಚರಿಕೆಯೆಂದು ಮಾತ್ರ ಉಳಿಸಿಕೊಂಡಿದ್ದಳು. ಅದು ಇನ್ನೊಂದು ಕೆಲಸಕ್ಕೂ ಬರುತ್ತದೆ ಎಂದು ಆಗ ಯಾರಿಗೆ ಹೊಳೆಯಬೇಕು?

ಮುಚ್ಚಿದ ಕೋಣೆ. ಪಾಲಿಷ್. ಒಂದು ಕಿಡಿ. ಗಂಡನಿಗೆ ಬಂದ ಸಾವೇ ಅದನ್ನು ಸುಳ್ಳಿನಿಂದ ಮುಚ್ಚಿದವನಿಗೂ ಬರಬೇಕು. ಬೇರೆ ಯಾವ ಸಾವೂ ಅವಳಿಗೆ ಬೇಡವಾಗಿತ್ತು.

ಅವಳು ಯೋಚನೆಯನ್ನು ಬಟ್ಟೆ ಮಡಚುವಷ್ಟೇ ಅಚ್ಚುಕಟ್ಟಾಗಿ ಮಡಚುತ್ತಾ ಹೋದಳು. ಅವನ ಮನೆಗೆ ಕಾಲಿಡುವ ಹಾಗಿಲ್ಲ. ಅವನ ವಸ್ತುವೊಂದನ್ನು ಮುಟ್ಟುವ ಹಾಗಿಲ್ಲ. ಮೆಷಿನ್‌ಗೆ ಏನೂ ಮಾಡುವ ಹಾಗಿಲ್ಲ; ಪೆಟ್ಟಿಗೆಯಲ್ಲಿ ಬಂದ ಹಾಗೇ ಕೊಡಬೇಕು, ಜೊತೆಗಿರುವ ಪುಸ್ತಕವನ್ನೂ. ಆವಿ ಇರುವ ಕಡೆ ಬಳಸಬಾರದೆಂದು ಆ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು. ಅದನ್ನು ತೆಗೆದುಬಿಡೋಣವೇ ಎಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಯೇ ತನ್ನ ಪೆದ್ದುತನಕ್ಕೆ ನಕ್ಕಳು. ಆ ಪುಸ್ತಕ ಅವಳ ಪರ ಸಾಕ್ಷಿ. ಯಾರೂ ಓದದ ಸಾಕ್ಷಿ.

ಅವಳು ಬಳಸುವುದು ಸಲಹೆ ಒಂದನ್ನೇ. ದಿನಾ ಕೊಡುವಂಥದ್ದು, ಎಲ್ಲರಿಗೂ ಕೊಡುವಂಥದ್ದು. ಹಸಿ ಪಾಲಿಷಿಗೆ ಧೂಳು ಅಂಟುತ್ತದೆ, ಕಿಟಕಿ ಮುಚ್ಚಿಕೊಳ್ಳಿ: ನಿಜ. ತೊಟ್ಟಿಲು ಒಣಗುವಷ್ಟರಲ್ಲಿ ಅಲ್ಲೇ ಕೂತು ಅದರ ಸ್ಟ್ಯಾಂಡು ಜೋಡಿಸಿಕೊಂಡರೆ ಒಂದು ದಿನ ಉಳಿಯುತ್ತದೆ: ಅದೂ ನಿಜ. ಹೊಸಬರ ಕೈಗೆ ಬ್ರಷ್ ಮೋಟರೇ ವಾಸಿ: ಅದರಲ್ಲೂ ಸುಳ್ಳಿಲ್ಲ. ಬಿಡಿಬಿಡಿಯಾಗಿ ಪ್ರತಿಯೊಂದೂ ಒಳ್ಳೆಯ ಮಾತೇ. ಮೂರನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿದರೆ ಮಾತ್ರ ಅದು ಬೇರೆಯದಾಗುತ್ತಿತ್ತು. ಅವನಿಗೆ ತನ್ನ ತಲೆ ಉಳಿಸಿಕೊಳ್ಳಲು ಒಂದು ಸುಳ್ಳು ಬೇಕಾಗಿತ್ತು. ಅವಳಿಗೆ ಅದೂ ಬೇಡ. ಆ ಯೋಚನೆ ಅವಳಿಗೆ ಬಹಳ ಹಿಡಿಸಿತು.

"ಏನಮ್ಮ, ಒಬ್ಬಳೇ ನಗ್ತಿದೀಯ?" ಮಗಳು ಬಾಗಿಲಲ್ಲಿ ನಿಂತಿದ್ದಳು, ಹೆಗಲಿನ ಚೀಲ ಇನ್ನೂ ಇಳಿಸಿರಲಿಲ್ಲ.

"ಅಂಗಡಿಗೆ ಒಬ್ಬರು ಬಂದಿದ್ದರು. ತೊಟ್ಟಿಲು ಮಾಡ್ತಾರಂತೆ."

"ನಗೋಕೇನಿದೆ ಅದರಲ್ಲಿ?"

"ಏನಿಲ್ಲ. ಕೈ ತೊಳ್ಕೊಂಡು ಬಾ, ಊಟ ಮಾಡು."

ಒಂದೇ ಒಂದು ವಿಷಯ ಅವಳನ್ನು ಕುಟುಕುತ್ತಿತ್ತು. ಆ ಕೋಣೆಗೆ ಬೇರೆ ಯಾರಾದರೂ ಬಂದರೆ? ಅವನ ಹೆಂಡತಿ, ಆ ಬಸುರಿ ಮಗಳು? ಅದನ್ನು ಕೇಳಿ ತಿಳಿದುಕೊಳ್ಳದೆ ಮುಂದಕ್ಕೆ ಹೆಜ್ಜೆಯಿಡುವುದಿಲ್ಲ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಳು. ತಾನು ಅವನಂಥವಳಲ್ಲ.

*

ಸೋಮವಾರ ಅವನು ಮನಸ್ಸು ಬದಲಾಯಿಸಿಕೊಂಡೇ ಬಂದ.

"ಅಳಿಯ ಹೇಳ್ತಾನೆ, ಬ್ರಷ್ ಇಲ್ಲದ್ದೇ ತಗೊಳ್ಳಿ ಅಂತ. ಬ್ಯಾಟರಿ ಜಾಸ್ತಿ ಹೊತ್ತು ಬರುತ್ತಂತೆ, ಶಕ್ತೀನೂ ಜಾಸ್ತಿಯಂತೆ."

"ನಿಜ ಸಾರ್," ಎಂದಳು ಅವಳು. ಅಡ್ಡಡ್ಡ ಮಾತಾಡಿದರೆ ಗಿರಾಕಿ ಎದುರು ನಿಲ್ಲುತ್ತಾನೆ. ಮೊದಲು ಒಪ್ಪಿಕೊಂಡರೆ ಹತ್ತಿರ ಬರುತ್ತಾನೆ. "ದಿನವಿಡೀ ಕೆಲಸ ಮಾಡೋರಿಗೆ ಅದೇ ಸರಿ. ಆದರೆ ನೀವು ಈ ಹಲಗೆಗೆ ಒಂದು ಸ್ಕ್ರೂ ಹಾಕಿ ನೋಡಿ."

ಬ್ರಷ್ ಇಲ್ಲದ್ದನ್ನು ಕೈಗೆ ಕೊಟ್ಟಳು. ಅವನು ಗುಂಡಿಯನ್ನು ಒಮ್ಮೆಗೇ ಒತ್ತಿಬಿಟ್ಟ. ಸ್ಕ್ರೂ ಕಣ್ಣುಮುಚ್ಚಿ ತೆರೆಯುವುದರೊಳಗೆ ಮರದಲ್ಲಿ ಮುಳುಗಿ, ತಲೆಯೂ ಕಾಣದಂತೆ ಹೂತುಹೋಯಿತು. ಹಲಗೆಯ ಅಂಚು ಸೀಳಿತು. ಅವನು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡ.

"ಅಯ್ಯೋ, ಇದೇನಮ್ಮ, ಗೂಳಿ ನುಗ್ಗಿದ ಹಾಗೆ ನುಗ್ಗುತ್ತಲ್ಲ."

"ಅದಕ್ಕೇ ಹೇಳಿದ್ದು. ಈಗ ಇದನ್ನ ಹಿಡೀರಿ."

ಬ್ರಷ್ ಇದ್ದದ್ದು ಬಿಗಿ ಸಿಕ್ಕಿದೊಡನೆ ಕುಗ್ಗಿತು, ಗೊಣಗಿತು, ನಿಧಾನಕ್ಕೆ ಇಳಿಯಿತು. ಯಾವಾಗ ನಿಲ್ಲಿಸಬೇಕೆಂದು ಅದರ ಸದ್ದೇ ಹೇಳುತ್ತಿತ್ತು. ಅವನ ಮುಖ ಅರಳಿತು.

"ಇದು ಮಾತು ಕೇಳುತ್ತೆ."

"ಬ್ರಷ್ ಸವೆದರೆ ಬದಲಾಯಿಸಿದರಾಯ್ತು. ಅದರಲ್ಲಿ ಒಳಗಿನ ಹಲಗೆ ಹೋದರೆ ಮೆಷಿನ್ನೇ ಹೋದ ಹಾಗೆ. ಮೆದು ಮರ, ತೊಟ್ಟಿಲು... ನಿಮಗೆ ಇದೇ ಸರಿ ಸಾರ್." ನಂತರ, ಲೋಕಾಭಿರಾಮವೆಂಬಂತೆ, "ಆ ರೂಮಿಗೆ ಮನೆಯವರೆಲ್ಲ ಬಂದು ಹೋಗ್ತಾ ಇರ್ತಾರೇನೋ? ಸ್ಕ್ರೂ ಗಿಕ್ರೂ ಕಾಲಿಗೆ ಚುಚ್ಚೀತು."

"ಇಲ್ಲಪ್ಪ, ಯಾರಿಗೂ ಬಿಡಲ್ಲ. ಹೆಂಡತಿಗೆ ಮೆಟ್ಟಿಲು ಇಳಿಯೋಕಾಗಲ್ಲ. ಮಗಳಿಗೆ ಗೊತ್ತೇ ಇಲ್ಲ, ಮಗು ಬಂದ ದಿನವೇ ತೋರಿಸಬೇಕು ಅಂತ."

ಅಲ್ಲಿಗೆ ಅವಳ ಕೊನೆಯ ಅಳುಕೂ ಹೋಯಿತು. ಪಾಲಿಷ್, ತಿನ್ನರ್ ಎಲ್ಲ ಅವನ ಕಾರ್ಖಾನೆಯಿಂದಲೇ ಬಂದಿತ್ತು. ಅದನ್ನೂ ಅವಳು ಮಾರಬೇಕಾಗಲಿಲ್ಲ. ಕಿಟಕಿಯ ಮಾತು, ಸ್ಟ್ಯಾಂಡಿನ ಮಾತು ಎರಡನ್ನೂ ಪೆಟ್ಟಿಗೆ ಕಟ್ಟುತ್ತಾ ಹೇಳಿದಳು. ಅವನು ವಿಧೇಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದ.

ಹೊರಡುವಾಗ ಬಾಗಿಲ ಬಳಿ ನಿಂತು ಹೇಳಿದ: "ಎಷ್ಟು ಚೆನ್ನಾಗಿ ಬಿಡಿಸಿ ಹೇಳ್ತೀರಮ್ಮ. ನಾನು ಅಷ್ಟು ವರ್ಷ ಕಾರ್ಖಾನೆ ನಡೆಸಿದೆ, ಈ ಮೆಷಿನ್‌ಗಳ ಒಳಗೆ ಏನಿದೆ ಅಂತ ಒಂದು ದಿನಾನೂ ಕೇಳಲಿಲ್ಲ ನೋಡಿ."

ಅವಳು ನಕ್ಕು ಕೈಮುಗಿದಳು.

*

ಕಾಯುವುದು ಅವಳಿಗೆ ಕಷ್ಟವಾಗಲಿಲ್ಲ. ಕಾದು ಕಾದು ಅವಳು ಪಳಗಿದ್ದಳು. ಕಷ್ಟವಾದದ್ದು ಅವನು ಮೂರನೆಯ ಸಲ ಅಂಗಡಿಗೆ ಬಂದ ಬೆಳಿಗ್ಗೆ.

ಅವನ ಬೆರಳುಗಳ ತುದಿಯಲ್ಲಿ ಕಂದು ಬಣ್ಣ ಮೆತ್ತಿಕೊಂಡಿತ್ತು. ಆ ವಾಸನೆ ಕೌಂಟರಿನ ಈಚೆಗೂ ಬಂತು. ಮದುವೆಯಾದ ಹೊಸದರಲ್ಲಿ ಗಂಡನ ಅಂಗಿಯಲ್ಲಿ ಇದ್ದ ವಾಸನೆ. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಹೋಗಬಾರದೆಂದು ಅವಳೇ ಒಂದು ಅಂಗಿಯನ್ನು ಒಗೆಯದೆ ಇಟ್ಟುಕೊಂಡಿದ್ದಳು.

"ಮುಗೀತಮ್ಮ! ಇವತ್ತು ತೊಟ್ಟಿಲಿಗೆ ಕೊನೇ ಕೈ ಪಾಲಿಷ್. ಸ್ಟ್ಯಾಂಡಿಗೆ ಸ್ಕ್ರೂ ಕಮ್ಮಿ ಬಿದ್ದಿದೆ, ಒಂದು ಹಿಡಿ ಕೊಡಿ."

ಅವಳು ಡಬ್ಬಿಗೆ ಕೈ ಹಾಕಿದಳು. ಸ್ಕ್ರೂಗಳು ಬೆರಳಿಗೆ ತಣ್ಣಗೆ ತಾಗಿದವು. ಒಂದು ಮಾತು ಸಾಕಿತ್ತು. 'ಕಿಟಕಿ ತೆಗೆದಿಟ್ಟುಕೊಳ್ಳಿ ಸಾರ್' ಎಂದಿದ್ದರೆ, ಅಥವಾ 'ಸ್ಟ್ಯಾಂಡನ್ನು ಹೊರಗೆ ಕೂತು ಮಾಡಿ' ಎಂದಿದ್ದರೆ, ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅವನು ತೊಟ್ಟಿಲು ಮುಗಿಸಿ, ಮೊಮ್ಮಗುವನ್ನು ತೂಗಿ, ಹಾಸಿಗೆಯಲ್ಲಿ ಮಲಗಿ ಸುಖವಾಗಿ ಸಾಯುತ್ತಿದ್ದ. ಅವಳ ಗಂಡ ಮಾತ್ರ ಸಿಗರೇಟು ಸೇದಿ ಸತ್ತವನಾಗಿಯೇ ಪೆಟ್ಟಿಗೆಯಲ್ಲಿ ಉಳಿಯುತ್ತಿದ್ದ.

"ನಿಮಗೆ ಮಕ್ಕಳೆಷ್ಟಮ್ಮ?" ಅವನು ಸುಮ್ಮನೆ ಕೇಳಿದ.

"ಒಬ್ಬಳೇ ಮಗಳು."

"ತಂದೆಗೆ ಮಗಳೆಂದರೆ ಒಂದು ತೂಕ ಜಾಸ್ತೀನೇ, ಅಲ್ವಾ?"

ಅವಳು ಸ್ಕ್ರೂಗಳನ್ನು ಕಾಗದದಲ್ಲಿ ಸುತ್ತಿ, ಸುತ್ತಿದ್ದನ್ನು ಮತ್ತೊಮ್ಮೆ ಬಿಗಿಮಾಡಿ, ಅವನ ಕೈಗಿಟ್ಟಳು.

"ಹೊರಗೆ ಧೂಳು ಜಾಸ್ತಿ ಇದೆ ಇವತ್ತು," ಎಂದಳು. "ಕಿಟಕಿ ಮುಚ್ಚಿಕೊಂಡೇ ಮಾಡಿ."

*

ಸುದ್ದಿಯನ್ನು ಅಂಗಡಿಯ ಸಾಹುಕಾರರೇ ತಂದರು. "ಆ ಮರದ ಕಾರ್ಖಾನೆ ಯಜಮಾನರು ಇಲ್ಲವೇ, ಮೊನ್ನೆ ಬಂದಿದ್ದರಲ್ಲ, ಅವರ ಮನೆ ಕೆಳಗಿನ ರೂಮು ಹತ್ತಿಕೊಂಡುಬಿಟ್ಟಿತಂತೆ. ಮೈಯೆಲ್ಲ ಸುಟ್ಟಿದೆ, ಆಸ್ಪತ್ರೆಗೆ ಸೇರಿಸಿದಾರೆ. ಉಳಿಯೋದು ಅನುಮಾನ." ಅವಳು ಅಯ್ಯೋ ಎಂದಳು. ಎಲ್ಲರೂ ಅಯ್ಯೋ ಎಂದರು. ಅವಳ ಅಯ್ಯೋ ಬೇರೆಯವರದಕ್ಕಿಂತ ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ. ಅಷ್ಟರಮಟ್ಟಿಗೆ ಅವಳು ಅದನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಎರಡು ದಿನ ಅವನು ಆಸ್ಪತ್ರೆಯಲ್ಲಿ ಉಸಿರು ಹಿಡಿದಿದ್ದ. ಆ ಎರಡು ದಿನ ಅವಳ ಕಿವಿ ಬಾಗಿಲ ಕಡೆಗೇ ಇತ್ತು. ಅಂಗಡಿಯವಳು ಕಿಟಕಿ ಮುಚ್ಚು ಅಂದಿದ್ದಳು ಎಂದು ಅವನು ಹೇಳಿಯಾನು, ಹೇಳಿದರೇನು? ಧೂಳಿಗೆ ಕಿಟಕಿ ಮುಚ್ಚು ಅನ್ನದವರು ಯಾರಿದ್ದಾರೆ? ಮೂರನೆಯ ದಿನ ಅವನು ಹೋದ. ಅವತ್ತು ಸಂಜೆ ಅವಳು ಮನೆಗೆ ಹೋಗಿ, ಮಂಚದ ಕೆಳಗಿನ ಪೆಟ್ಟಿಗೆ ಎಳೆದು, ಗಂಡನ ಫೋಟೋದ ಧೂಳು ಒರೆಸಿದಳು. ಸಂತೋಷವಾಗುತ್ತದೆಂದುಕೊಂಡಿದ್ದಳು. ಆದದ್ದು ಹಸಿವು. ಎಷ್ಟೋ ವರ್ಷಗಳಿಂದ ಆಗದಂಥ ಹಸಿವು. ಹೊಟ್ಟೆ ತುಂಬ ಉಂಡು ಮಲಗಿದಳು.

ಅಗ್ನಿಶಾಮಕ ದಳದ ತನಿಖಾಧಿಕಾರಿ ಮರುದಿನ ಬಂದ. ನರೆತ ಮೀಸೆಯ, ಅವಸರವಿಲ್ಲದ ಮನುಷ್ಯ. ಪ್ಲಾಸ್ಟಿಕ್ ಚೀಲದಲ್ಲಿ ಕರಗಿ ಮುದುಡಿದ ಮೆಷಿನ್ ತಂದಿದ್ದ. ಸಾಹುಕಾರರು ಒಳಗಿನ ಚಿಕ್ಕ ಕೋಣೆಯಲ್ಲಿ ಇಬ್ಬರಿಗೂ ಕುರ್ಚಿ ಹಾಕಿಸಿಕೊಟ್ಟರು.

"ಇದು ನಿಮ್ಮಲ್ಲಿ ಕೊಂಡದ್ದೇ?"

"ಹೌದು ಸಾರ್. ನಾನೇ ಕೊಟ್ಟದ್ದು. ಬ್ರಷ್ ಮೋಟರಿಂದು."

"ಬೆಂಕಿ ಇದರಿಂದ ಹತ್ತಿರಬಹುದಾ?"

ಇದಕ್ಕೆ ಅವಳಲ್ಲಿ ಉತ್ತರ ಸಿದ್ಧವಿತ್ತು. ಆವಿ ಇರುವ ಕಡೆ ಬಳಸಬಾರದೆಂದು ಪುಸ್ತಕದಲ್ಲಿದೆ ಸಾರ್, ಅವರು ಓದಿರಲಿಕ್ಕಿಲ್ಲ. ಸತ್ಯ, ಚಿಕ್ಕದು, ತೂತಿಲ್ಲದ್ದು. ಅಷ್ಟು ಹೇಳಿ ಬಾಯಿಗೆ ಬೀಗ ಹಾಕಿಕೊಳ್ಳಬೇಕೆಂದು ಅವಳು ನಿಶ್ಚಯಿಸಿದ್ದಳು. ಆದರೆ ಎದುರಿಗೆ ಅಧಿಕಾರಿ, ಮೇಜು, ಪೆನ್ನು. ಅಂದು ಇದ್ದದ್ದೂ ಹೀಗೇ. ಅಂದು ಆ ಕುರ್ಚಿಯಲ್ಲಿ ಅವನು ಕೂತಿದ್ದ, ಇಂದು ಅವಳು. ಇಂಥ ಗಳಿಗೆ ಮತ್ತೆ ಬಾಳಿನಲ್ಲಿ ಬರುವುದಿಲ್ಲ ಎನ್ನಿಸಿತು. ಇಷ್ಟು ವರ್ಷ ಕಿವಿಯಲ್ಲಿ ಬಿಡಾರ ಹೂಡಿದ್ದ ಆ ವಾಕ್ಯ ತಾನಾಗಿಯೇ ನಾಲಿಗೆಗೆ ಇಳಿದು ಬಂತು, ಸಿಹಿಯಾಗಿ.

"ಈ ಮೆಷಿನ್‌ನಿಂದ ಬೆಂಕಿಯೇ? ಎಲ್ಲಾದರೂ ಉಂಟಾ ಸಾರ್! ಇಷ್ಟು ವರ್ಷದಿಂದ ಮಾರ್ತಿದೀನಿ, ಒಂದು ಕಿಡಿಯನ್ನೂ ಕಂಡಿಲ್ಲ. ಅವರೇ ಸಿಗರೇಟು ಹಚ್ಚಿರಬೇಕು." ಒಂದು ಕ್ಷಣ ಬಿಟ್ಟು ಸೇರಿಸಿದಳು: "ಪಾಪ, ಚಟ ಬಿಡಬೇಕಲ್ಲ."

ಅಧಿಕಾರಿ ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಂಡ. ಅವಳು ಪೆನ್ನು ಕೆಳಗಿಡುವಾಗ ಬಾಗಿಲ ಪರದೆ ಸರಿಯಿತು. ಮಗಳು ನಿಂತಿದ್ದಳು. ಆಸ್ಪತ್ರೆಯ ಬಿಳಿ ಕೋಟು ಇನ್ನೂ ಮೈಮೇಲಿತ್ತು, ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

"ನಾನೇ ಬರಹೇಳಿದ್ದೆ," ಎಂದ ಅಧಿಕಾರಿ. "ಕಾರ್ಖಾನೆ ಬೆಂಕಿಯ ಹಳೇ ಫೈಲು ತೆಗೆಸಿ, ಸತ್ತವರ ವಾರಸುದಾರರು ಯಾರು ಅಂತ ಹುಡುಕಿದಾಗ ಇವರು ಸಿಕ್ಕರು. ಇವರ ತಾಯಿ ಇದೇ ಅಂಗಡಿಯಲ್ಲಿದ್ದಾರೆ ಅಂತ ಇವರು ಹೇಳಿದ ಮೇಲೇ ನನಗೂ ಗೊತ್ತಾಗಿದ್ದು." ಅವನು ಚೀಲದಲ್ಲಿದ್ದ ಮೆಷಿನ್ನನ್ನು ಮೇಜಿನ ಮೇಲೆ ಮೆಲ್ಲಗೆ ತಿರುಗಿಸಿಟ್ಟ. "ಯಜಮಾನರು ಸಾಯೋ ಮುಂಚೆ ನನ್ನ ಕೈ ಹಿಡಿದು ಒಂದು ಹೇಳಿಕೆ ಕೊಟ್ಟರಮ್ಮ. ಮೆಷಿನ್ ಒತ್ತಿದ ಕೂಡಲೇ ಒಳಗೆ ನೀಲಿ ಕಿಡಿ ಕಂಡರಂತೆ, ಆ ಕಿಡಿಯಲ್ಲೇ ಅವರಿಗೆ ಎಲ್ಲ ಹೊಳೆದುಬಿಟ್ಟಿತಂತೆ. 'ಅವನು ಸಿಗರೇಟು ಸೇದಿರಲಿಲ್ಲ, ನಾನು ಸುಳ್ಳು ಹೇಳಿದೆ. ಅವತ್ತು ಫಿಟ್ಟಿಂಗಿನವನು ರಜಾ ಹಾಕಿದ್ದ. ಬೀರುವಿನ ಹಿಡಿಕೆ ನೀನೇ ಕೂರಿಸು ಅಂತ ನಾನೇ ಅವನ ಕೈಗೆ ಬ್ರಷ್ ಮೋಟರಿನ ಡ್ರಿಲ್ ಕೊಟ್ಟು ಪಾಲಿಷ್ ರೂಮಿಗೆ ಕಳಿಸಿದ್ದೆ. ಅವನ ಹೆಸರು ತೊಳೆದುಬಿಡಿ' ಅಂದರು." ಗಂಡ ಹೋದ ದಿನದಿಂದ ಅವಳು ಗಾಳಿಯಂತ್ರವನ್ನು ಕುರಿತು ಯೋಚಿಸಿದ್ದಳು, ಸಿಗರೇಟನ್ನು ಕುರಿತು ಯೋಚಿಸಿದ್ದಳು, ಯಜಮಾನನನ್ನು ಕುರಿತು ಯೋಚಿಸಿದ್ದಳು. ಆ ಗಳಿಗೆಯಲ್ಲಿ ಗಂಡನ ಕೈಯಲ್ಲಿ ಏನಿತ್ತು ಎಂದು ಮಾತ್ರ ಯಾರನ್ನೂ ಕೇಳಿರಲಿಲ್ಲ. ಪಾಲಿಷಿನವನ ಕೈಯಲ್ಲಿ ಪಾಲಿಷಿನ ಬ್ರಷ್ಷಲ್ಲದೆ ಇನ್ನೇನಿರುತ್ತದೆ? "ಆದರೆ ಸಾಯೋರ ಮಾತೊಂದರಿಂದಲೇ ಹಳೇ ಫೈಲು ಮತ್ತೆ ತೆರೆಯೋಕಾಗಲ್ಲ," ಅಧಿಕಾರಿ ಹೇಳುತ್ತಿದ್ದ. "ಇಂಥ ಮೋಟರಿನ ಕಿಡಿಗೆ ಪಾಲಿಷಿನ ಆವಿ ಹತ್ತಿಕೊಳ್ಳುತ್ತೆ ಅಂತ ಮೆಷಿನ್ ಬಲ್ಲವರು ಹೇಳಬೇಕು. ನೀವೋ, ಈಗಷ್ಟೇ, ಒಂದು ಕಿಡಿಯನ್ನೂ ಕಂಡಿಲ್ಲ ಅಂತ ಸಹಿ ಹಾಕಿದಿರಿ." ಮಗಳು ಬಂದು ಅವಳ ಕುರ್ಚಿಯ ಪಕ್ಕದಲ್ಲಿ ಮಂಡಿಯೂರಿ, ಎರಡೂ ಕೈಗಳನ್ನು ಹಿಡಿದುಕೊಂಡಳು. "ಅಮ್ಮಾ, ಅಪ್ಪ ಸೇದಿರಲಿಲ್ಲವಂತೆ. ನೀನು ಹೇಳ್ತಿದ್ದದ್ದೇ ನಿಜವಂತೆ. ಕಿಡಿ ಬರುತ್ತೆ ಅಂತ ನಿನಗೆ ಗೊತ್ತಲ್ಲಮ್ಮ, ಮನೇಲಿ ನನಗೇ ಎಷ್ಟು ಸಲ ಹೇಳಿದೀಯ, ಕಂಪನಿಯವನು ದೀಪ ಆರಿಸಿ ತೋರಿಸಿದ್ದ ಅಂತ. ಇವರಿಗೂ ಹೇಳಮ್ಮ." ಹೇಳಿದರೆ, ಕಿಡಿ ಬರುತ್ತದೆಂದು ಗೊತ್ತಿದ್ದೇ ಕಿಟಕಿ ಮುಚ್ಚಿಸಿದವಳು ತಾನೆಂದು ಒಪ್ಪಿಕೊಂಡ ಹಾಗೆ. ಅಧಿಕಾರಿ ಸದ್ದಿಲ್ಲದೆ ಒಂದು ಹೊಸ ಹಾಳೆ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದು, ಅವಳ ಬಾಯಿಯನ್ನೇ ನೋಡುತ್ತಾ ಕೂತ.